ಹಲಗೆ, ಚಕ್ರ, ಬ್ಯಾಟರಿ: ಮನೆಯಂಗಳದಲ್ಲಿ ಹುಟ್ಟಿದ ವಾಹನವೊಂದರ ಚರಿತ್ರೆ

ಚರಿತ್ರೆಯ ಪಾಠದಲ್ಲಿ ವಾಹನವೆಂದರೆ ಉಗಿಬಂಡಿ, ಮೋಟಾರುಕಾರು, ವಿಮಾನ. ಅವುಗಳಿಗೆ ಜನಕರುಂಟು, ಹುಟ್ಟಿದ ದಿನವುಂಟು, ವಸ್ತುಸಂಗ್ರಹಾಲಯದಲ್ಲಿ ಕಾಯ್ದಿಟ್ಟ ಜಾಗವುಂಟು. ಯಾವ ಪಠ್ಯಪುಸ್ತಕದಲ್ಲಿಯೂ ಸ್ಥಾನ ಪಡೆಯದ ಪುಟ್ಟ ವಾಹನವೊಂದರ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದು ಮನೆಯಲ್ಲೇ ಜೋಡಿಸಿದ ವಿದ್ಯುತ್ ಸ್ಕೇಟ್‌ಬೋರ್ಡ್. ಮೂರಡಿ ಉದ್ದದ ಒಂದು ಹಲಗೆ, ಅದರಡಿ ನಾಲ್ಕು ಚಕ್ರ, ಒಂದು ಮೋಟಾರು, ಒಂದು ಬ್ಯಾಟರಿ, ಮೇಲೆ ನಿಂತವನ ಅಂಗೈಯಲ್ಲಿ ವೇಗವನ್ನು ಹೆಚ್ಚುಕಡಿಮೆ ಮಾಡುವ ಒಂದು ಗುಂಡಿ. ಇಷ್ಟೇ ಅದರ ಶರೀರ. ಹಿರಿಯರ ಕಣ್ಣಿಗೆ ಇದು ಹುಡುಗರ ಆಟದ ಸಾಮಾನಿನಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಅದನ್ನು ಬಿಚ್ಚಿ ಒಂದೊಂದು ಭಾಗವನ್ನೂ ಮೇಜಿನ ಮೇಲಿಟ್ಟು 'ನೀನು ಎಲ್ಲಿಂದ ಬಂದೆ?' ಎಂದು ಕೇಳುತ್ತ ಹೋದರೆ ಸುಮಾರು ಇನ್ನೂರು ವರ್ಷಗಳ ಚರಿತ್ರೆ ತೆರೆದುಕೊಳ್ಳುತ್ತದೆ. ಆ ಚರಿತ್ರೆಯ ಬಹುಭಾಗ ನಡೆದದ್ದು ದೊಡ್ಡ ಕಾರ್ಖಾನೆಗಳಲ್ಲಲ್ಲ. ಕುಲುಮೆಯಲ್ಲಿ, ಮನೆಯ ಹಿತ್ತಿಲಲ್ಲಿ, ಊಟದ ಮೇಜಿನ ಮೇಲೆ.

ಮೊದಲು ಚಕ್ರದಿಂದಲೇ ಆರಂಭಿಸೋಣ. ಸ್ಕೇಟ್‌ಬೋರ್ಡಿಗೆ ಚುಕ್ಕಾಣಿಯಿಲ್ಲ. ಮೇಲೆ ನಿಂತವನು ಎಡಕ್ಕೆ ವಾಲಿದರೆ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ ಅದು ತಿರುಗುತ್ತದೆ. ಈ ಉಪಾಯ ಹಲಗೆಗಿಂತ ಬಹಳ ಹಳೆಯದು. ನ್ಯೂಯಾರ್ಕಿನಲ್ಲಿ ಪೀಠೋಪಕರಣಗಳ ವ್ಯಾಪಾರದಲ್ಲಿದ್ದ ಜೇಮ್ಸ್ ಲೆನರ್ಡ್ ಪ್ಲಿಂಪ್ಟನ್ ಎಂಬಾತ 1863ರಲ್ಲಿ ನಾಲ್ಕು ಚಕ್ರದ ಪಾದಗಾಲಿಗೆ ಹಕ್ಕುಪತ್ರ ಪಡೆದ. ಅದರಲ್ಲಿ ಚಕ್ರದ ಅಚ್ಚಿಗೂ ಪಾದದ ಪಟ್ಟಿಗೂ ನಡುವೆ ರಬ್ಬರಿನ ಮೆತ್ತೆಯನ್ನಿಟ್ಟು, ಕಾಲು ವಾಲಿದ ಕಡೆಗೆ ಅಚ್ಚು ತಾನಾಗಿ ಓರೆಯಾಗುವಂತೆ ಮಾಡಿದ್ದ. ಅದಕ್ಕೆ ಮುಂಚಿನ ಪಾದಗಾಲಿಗಳು ನೆಟ್ಟಗೆ ಮಾತ್ರ ಹೋಗುತ್ತಿದ್ದವು. ತಿರುಗಬೇಕಾದರೆ ಕಾಲನ್ನೆತ್ತಿ ಇಡಬೇಕಾಗಿತ್ತು. ಇಂದಿನ ಸ್ಕೇಟ್‌ಬೋರ್ಡಿನ ಅಡಿಯಲ್ಲಿರುವ ಲೋಹದ ಕಟ್ಟು ತತ್ತ್ವದಲ್ಲಿ ಪ್ಲಿಂಪ್ಟನ್ನನದೇ.

ಇನ್ನು ಹಲಗೆ. ಅಮೆರಿಕದ ಮಕ್ಕಳು ಹಳೆಯ ಪಾದಗಾಲಿಯನ್ನು ಎರಡು ಹೋಳು ಮಾಡಿ, ಒಂದನ್ನು ಹಲಗೆಯ ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಮೊಳೆಯಿಂದ ಬಡಿದು ಉರುಳಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಕ್ಯಾಲಿಫೋರ್ನಿಯದ ಕಡಲತೀರದ ತರುಣರು, ಸಮುದ್ರದಲ್ಲಿ ಅಲೆಗಳಿಲ್ಲದ ದಿನ ರಸ್ತೆಯನ್ನೇ ಅಲೆಯೆಂದು ಭಾವಿಸಿ ಅದರ ಮೇಲೆ ನಿಂತು ಜಾರಲಾರಂಭಿಸಿದರು. ಇದನ್ನು ಮೊತ್ತಮೊದಲು ಮಾಡಿದ ಹುಡುಗನ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ನಮ್ಮ ಊರುಗಳ ಮಕ್ಕಳಿಗೂ ಈ ಮಾತು ಸಲ್ಲುತ್ತದೆ. ಗ್ಯಾರೇಜಿನವರು ಬಿಸಾಡಿದ ಬೇರಿಂಗುಗಳನ್ನು ಬೇಡಿ ತಂದು, ಹಲಗೆಯ ಅಡಿಯಲ್ಲಿ ದೊಣ್ಣೆಯ ತುದಿಗೆ ಸಿಕ್ಕಿಸಿ, ಇಳಿಜಾರಿನಲ್ಲಿ ಗರಗರ ಸದ್ದು ಮಾಡುತ್ತ ಇಳಿಯುವ ಬೇರಿಂಗ್ ಗಾಡಿಯನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅದನ್ನು ಕಂಡುಹಿಡಿದವರು ಯಾರು? ಬರೆದಿಟ್ಟವರಿಲ್ಲ. ಈ 'ಬರೆದಿಡುವ' ವಿಷಯಕ್ಕೆ ಮುಂದೆ ಬರುತ್ತೇನೆ.

ಕಬ್ಬಿಣದ ಚಕ್ರದ ದೋಷವೇನೆಂದರೆ ಅದು ನೆಲವನ್ನು ಹಿಡಿಯುವುದಿಲ್ಲ. 1959ರ ಹೊತ್ತಿಗೆ ಅಂಗಡಿಗಳಲ್ಲಿ ಸಿದ್ಧ ಹಲಗೆಗಳು ಬಂದವು. ಆಮೇಲೆ ಜೇಡಿಮಣ್ಣಿನ ಮಿಶ್ರಣದ ಚಕ್ರಗಳು ಬಂದವು. ಆದರೂ ರಸ್ತೆಯಲ್ಲಿ ಕಡಲೆಕಾಳಿನಷ್ಟು ಕಲ್ಲು ಸಿಕ್ಕರೆ ಚಕ್ರ ಅಲ್ಲೇ ನಿಲ್ಲುತ್ತಿತ್ತು, ಸವಾರ ಮುಂದೆ ಹಾರುತ್ತಿದ್ದ. 1965ರ ಸುಮಾರಿಗೆ ಅಮೆರಿಕದ ಹಲವು ನಗರಗಳು ಈ ಆಟವನ್ನೇ ನಿಷೇಧಿಸಿದವು, ಅದರ ಮಾರುಕಟ್ಟೆಯೂ ಕುಸಿಯಿತು. ಉಳಿಸಿದ್ದು ಒಂದು ರಾಸಾಯನಿಕ ವಸ್ತು. ಫ್ರ್ಯಾಂಕ್ ನಾಸ್‌ವರ್ದಿ ಎಂಬ ತರುಣ ವರ್ಜೀನಿಯದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ, ಬಾಡಿಗೆ ಪಾದಗಾಲಿಗಳಿಗೆಂದು ತಯಾರಾಗಿದ್ದ ಪಾಲಿಯುರೆಥೇನ್ ಚಕ್ರಗಳನ್ನು ಕಂಡ. ಅವು ಮೆತ್ತಗಿದ್ದುದರಿಂದ ವೇಗ ಸಾಲದೆಂದು ಪಾದಗಾಲಿಯವರಿಗೆ ಅವುಗಳ ಮೇಲೆ ಅಷ್ಟೇನೂ ಒಲವಿರಲಿಲ್ಲ. ಆತ ಅವನ್ನು ಹಲಗೆಗೆ ಜೋಡಿಸಿ ನೋಡಿದ. ಮೆತ್ತಗಿರುವುದೇ ಇಲ್ಲಿ ಗುಣವಾಯಿತು. ಚಕ್ರ ನೆಲವನ್ನು ಹಿಡಿಯಿತು, ಸಣ್ಣ ಕಲ್ಲುಗಳನ್ನು ನುಂಗಿಕೊಂಡು ಸಾಗಿತು. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದಲ್ಲಿ 'ಕ್ಯಾಡಿಲ್ಯಾಕ್' ಎಂಬ ಹೆಸರಿನಿಂದ ಮಾರಾಟವಾದ ಆ ಚಕ್ರಗಳು ಸ್ಕೇಟ್‌ಬೋರ್ಡಿಗೆ ಎರಡನೆಯ ಜನ್ಮ ಕೊಟ್ಟವು. ನೆಲ ಹಿಡಿಯದ ಚಕ್ರಕ್ಕೆ ಮೋಟಾರು ಕಟ್ಟಿದರೆ ಅದು ಇದ್ದಲ್ಲೇ ತಿರುಗುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ. ಆದುದರಿಂದ ವಿದ್ಯುತ್ ಹಲಗೆಯ ಚರಿತ್ರೆಯಲ್ಲಿ ಈ ಮೆತ್ತನೆಯ ಚಕ್ರಕ್ಕೆ ಮೋಟಾರಿನಷ್ಟೇ ಮಹತ್ತ್ವವಿದೆ.

ಈಗ ಮೋಟಾರಿನ ಕಡೆಗೆ ತಿರುಗೋಣ. ಅಮೆರಿಕದ ವರ್ಮಾಂಟ್ ಪ್ರಾಂತ್ಯದ ಬ್ರ್ಯಾಂಡನ್ ಊರಿನ ಬಳಿ ಥಾಮಸ್ ಡೇವನ್‌ಪೋರ್ಟ್ ಎಂಬ ಕಮ್ಮಾರನಿದ್ದ. ಹೆಚ್ಚು ಓದಿದವನಲ್ಲ. 1833ರಲ್ಲಿ ಆತ ನ್ಯೂಯಾರ್ಕ್ ಪ್ರಾಂತ್ಯದ ಕ್ರೌನ್ ಪಾಯಿಂಟ್ ಬಳಿಯ ಕಬ್ಬಿಣದ ಗಣಿಗೆ ಹೋಗಿದ್ದಾಗ, ಅದಿರನ್ನು ಬೇರ್ಪಡಿಸಲು ಬಳಸುತ್ತಿದ್ದ ವಿದ್ಯುತ್ಕಾಂತವೊಂದನ್ನು ಕಂಡ. ಅದು ಜೋಸೆಫ್ ಹೆನ್ರಿ ಎಂಬ ಪ್ರಸಿದ್ಧ ವಿಜ್ಞಾನಿಯ ವಿನ್ಯಾಸ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಕಬ್ಬಿಣವನ್ನೆಳೆದುಕೊಂಡು, ಹರಿವು ನಿಂತೊಡನೆ ಬಿಟ್ಟುಬಿಡುವ ಆ ವಸ್ತು ಕಮ್ಮಾರನ ಮನಸ್ಸನ್ನು ಹಿಡಿದಿಟ್ಟುಕೊಂಡಿತು. ಸೋದರನ ಕುದುರೆಯನ್ನು ಬದಲಿಗೆ ಕೊಟ್ಟು ಹಣ ಹೊಂದಿಸಿ ಅದನ್ನು ಕೊಂಡು ತಂದನಂತೆ. ಮನೆಯಲ್ಲಿ ಅದನ್ನು ಒಂದೊಂದೇ ಸುತ್ತು ಬಿಚ್ಚುವಾಗ, ಎಷ್ಟು ಸುತ್ತು, ಹೇಗೆ ಸುತ್ತಿದೆ ಎಂಬುದನ್ನು ಹೆಂಡತಿ ಎಮಿಲಿ ಬರೆದಿಟ್ಟುಕೊಂಡಳೆಂದೂ, ಹೊಸ ಕಾಂತಕ್ಕೆ ತಂತಿ ಸುತ್ತುವಾಗ ನಡುವೆ ಹೊದಿಸಲು ತನ್ನ ಮದುವೆಯ ರೇಷ್ಮೆ ಉಡುಪನ್ನೇ ಪಟ್ಟಿಪಟ್ಟಿಯಾಗಿ ಹರಿದು ಕೊಟ್ಟಳೆಂದೂ ಹೇಳುತ್ತಾರೆ. ಮರುವರ್ಷವೇ ಅವರ ಮೋಟಾರು ತಿರುಗಿತು. ವೃತ್ತಾಕಾರದ ಹಳಿಯ ಮೇಲೆ ಓಡುವ ಪುಟ್ಟ ಬಂಡಿಯ ಮಾದರಿಯನ್ನೂ ಅವರು ಮಾಡಿದರು. 1837ರ ಫೆಬ್ರವರಿ 25ರಂದು ಅಮೆರಿಕ ಸರ್ಕಾರ ಡೇವನ್‌ಪೋರ್ಟನಿಗೆ 132ನೆಯ ಸಂಖ್ಯೆಯ ಹಕ್ಕುಪತ್ರ ಕೊಟ್ಟಿತು.

ಆದರೂ ಡೇವನ್‌ಪೋರ್ಟ್ ಬಡವನಾಗಿಯೇ 1851ರಲ್ಲಿ ತೀರಿಕೊಂಡ. ತಪ್ಪು ಮೋಟಾರಿನದಲ್ಲ, ಬ್ಯಾಟರಿಯದು. ಅಂದಿನ ಬ್ಯಾಟರಿಯಲ್ಲಿ ಸತುವಿನ ತಗಡು ಕರಗುತ್ತ ವಿದ್ಯುತ್ತು ಹುಟ್ಟುತ್ತಿತ್ತು; ಸತು ಮುಗಿದರೆ ಹೊಸ ಸತು ತರಬೇಕು. ಇಂಗ್ಲೆಂಡಿನಲ್ಲಿ ಮದ್ಯ ತಯಾರಕರ ಮನೆಯ ಮಗನಾದ ಜೇಮ್ಸ್ ಜೂಲ್ ಮನೆಯಲ್ಲೇ ಪ್ರಯೋಗಶಾಲೆ ಮಾಡಿಕೊಂಡು ಇದೇ ಪ್ರಶ್ನೆಯನ್ನು ತೂಕ ಹಾಕಿದ. 1841ರ ಹೊತ್ತಿಗೆ ಅವನ ಲೆಕ್ಕ ಸ್ಪಷ್ಟವಾಗಿತ್ತು: ಬ್ಯಾಟರಿಯಲ್ಲಿ ಕರಗುವ ಒಂದು ಪೌಂಡು ಸತು ಮಾಡುವ ಕೆಲಸ, ಉತ್ತಮ ಉಗಿಯಂತ್ರದಲ್ಲಿ ಉರಿಯುವ ಒಂದು ಪೌಂಡು ಕಲ್ಲಿದ್ದಲಿನ ಕೆಲಸದ ಸುಮಾರು ಐದನೆಯ ಒಂದು ಪಾಲು. ಸತುವಿನ ಬೆಲೆಯೋ ಕಲ್ಲಿದ್ದಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಉತ್ಸಾಹದಿಂದ ಆರಂಭಿಸಿದ ಜೂಲ್ ತನ್ನ ಅಳತೆಯ ಮುಂದೆ ತಲೆಬಾಗಿದ. ಅದೇ ಅಳತೆಯ ಅಭ್ಯಾಸ ಮುಂದೆ ಅವನನ್ನು ಶಕ್ತಿಯ ನಿತ್ಯತೆಯ ಕಡೆಗೆ ಕೊಂಡೊಯ್ದಿತೆಂಬುದು ಬೇರೆ ಕಥೆ. ಶಾಲೆಯ ಮಕ್ಕಳು ಇಂದಿಗೂ ಶಕ್ತಿಯನ್ನು ಅವನ ಹೆಸರಿನಲ್ಲೇ ಅಳೆಯುತ್ತಾರೆ.

ಮತ್ತೆ ಮತ್ತೆ ತುಂಬಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿ ಮಾಡಿದ. ಅದನ್ನು 1881ರಲ್ಲಿ ಕಮೀಲ್ ಫೋರ್ ಸುಧಾರಿಸಿದ. ಅದೇ ವರ್ಷದ ಏಪ್ರಿಲಿನಲ್ಲಿ ಪ್ಯಾರಿಸ್ಸಿನ ಬೀದಿಯೊಂದರಲ್ಲಿ ಗುಸ್ತಾವ್ ತ್ರೂವೇ ಎಂಬ ಕುಶಲಕರ್ಮಿ, ಇಂಗ್ಲೆಂಡಿನಲ್ಲಿ ತಯಾರಾದ ತ್ರಿಚಕ್ರಿಗೆ ತಾನು ಮಾಡಿದ ಸಣ್ಣ ಮೋಟಾರು ಮತ್ತು ಬ್ಯಾಟರಿಯನ್ನು ಕಟ್ಟಿ ಓಡಿಸಿ ತೋರಿಸಿದ. ವೇಗ ಗಂಟೆಗೆ ಸುಮಾರು 12 ಕಿ.ಮೀ. ತ್ರೂವೇ ಮಾಡಿದ್ದನ್ನು ಗಮನಿಸಿ: ಬಂಡಿ ಇನ್ನೊಬ್ಬರದು, ಜೋಡಣೆ ತನ್ನದು. ಕೆಲವೇ ವಾರಗಳಲ್ಲಿ ಅದೇ ಮೋಟಾರಿನ ತತ್ತ್ವವನ್ನು ದೋಣಿಗೆ ತಂದು, ಬೇಕಾದಾಗ ಬಿಚ್ಚಿ ಒಯ್ಯಬಹುದಾದ ದೋಣಿಯಂತ್ರವನ್ನು ಮಾಡಿದ. ಇಂದು ಮನೆಯಲ್ಲಿ ಸ್ಕೇಟ್‌ಬೋರ್ಡಿಗೆ ಮೋಟಾರು ಕಟ್ಟುವವರ ಮೂಲಪುರುಷನೆಂದು ಯಾರನ್ನಾದರೂ ಕರೆಯುವುದಾದರೆ ತ್ರೂವೇಯನ್ನೇ ಕರೆಯಬೇಕು.

ಇದರ ನಡುವೆ ನಡೆದ ಇನ್ನೊಂದು ಘಟನೆಯನ್ನು ಮರೆಯಬಾರದು. 1873ರ ವಿಯೆನ್ನಾ ಪ್ರದರ್ಶನದಲ್ಲಿ ಗ್ರಾಮ್ ಎಂಬಾತನ ವಿದ್ಯುಜ್ಜನಕಗಳನ್ನು ಇಟ್ಟಿದ್ದರು. ಓಡುತ್ತಿದ್ದ ಒಂದು ಯಂತ್ರದ ತಂತಿಯನ್ನು ಇನ್ನೊಂದಕ್ಕೆ ಕೂಡಿಸಿದಾಗ ಆ ಎರಡನೆಯದು ತಾನಾಗಿ ತಿರುಗತೊಡಗಿತು. ತಿರುಗಿಸಿದರೆ ವಿದ್ಯುತ್ತು ಕೊಡುವ ಯಂತ್ರವೇ ವಿದ್ಯುತ್ತು ಕೊಟ್ಟರೆ ತಿರುಗುತ್ತದೆಂಬ ತತ್ತ್ವ ಅಂದು ಲೋಕದ ಕಣ್ಣಿಗೆ ಬಿತ್ತು. ವಿದ್ಯುತ್ ಹಲಗೆಗೆ ಬೇರೆ ಬ್ರೇಕಿಲ್ಲ. ಸವಾರ ಗುಂಡಿಯನ್ನು ಹಿಂದಕ್ಕೆಳೆದಾಗ ಮೋಟಾರು ಜನಕವಾಗಿ ಬದಲಾಗಿ, ಚಕ್ರದ ಚಲನಶಕ್ತಿಯನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ಹಿಂದಿರುಗಿಸುತ್ತದೆ, ಹಲಗೆ ನಿಧಾನವಾಗುತ್ತದೆ. ವಿಯೆನ್ನಾದ ಆ ತತ್ತ್ವವೇ ಇಂದು ಹುಡುಗರ ಪ್ರಾಣ ಕಾಯುತ್ತಿದೆ.

ಹಲಗೆಗೆ ಮೊದಲು ಬಂದ ಯಂತ್ರ ಮಾತ್ರ ವಿದ್ಯುತ್ತಿನದಲ್ಲ, ಪೆಟ್ರೋಲಿನದು. 1975ರಲ್ಲಿ ಕ್ಯಾಲಿಫೋರ್ನಿಯದಲ್ಲಿ 'ಮೋಟೋಬೋರ್ಡ್' ಎಂಬ ಹೆಸರಿನ ಹಲಗೆ ಮಾರಾಟಕ್ಕೆ ಬಂತು. ಅದರ ಸದ್ದು ಮತ್ತು ಹೊಗೆಗೆ ಜನ ಬೇಸತ್ತರು. 1977ರಲ್ಲಿ ಆ ರಾಜ್ಯ ಯಂತ್ರಚಾಲಿತ ಹಲಗೆಗಳು ರಸ್ತೆಯಲ್ಲಾಗಲಿ ಪಾದಚಾರಿ ಮಾರ್ಗದಲ್ಲಾಗಲಿ ಓಡಬಾರದೆಂದು ಕಾನೂನು ಮಾಡಿತು. ಕಾನೂನಿನ ಮಾತಿನಲ್ಲಿ ಪೆಟ್ರೋಲು, ವಿದ್ಯುತ್ತು ಎಂಬ ಭೇದವಿರಲಿಲ್ಲ. ಹೀಗಾಗಿ ಇನ್ನೂ ಹುಟ್ಟದ ಮಗುವಿಗೂ ಶಿಕ್ಷೆಯಾಯಿತು.

ಆ ಮಗು ಹುಟ್ಟಿದ್ದು ಇಪ್ಪತ್ತು ವರ್ಷಗಳ ನಂತರ. ಕ್ಯಾಲಿಫೋರ್ನಿಯದ ಲೂಯಿ ಫಿಂಕಲ್ 1990ರ ದಶಕದ ಕೊನೆಯಲ್ಲಿ, ತಂತಿಯಿಲ್ಲದ ಕೈನಿಯಂತ್ರಕವುಳ್ಳ ವಿದ್ಯುತ್ ಹಲಗೆಯನ್ನು ಮಾಡಿ 1999ರಲ್ಲಿ ಹಕ್ಕುಪತ್ರ ಪಡೆದರು. ಹಲಗೆ ಓಡಿತು, ಆದರೆ ಭಾರ ಬಹಳವಾಗಿತ್ತು. ಕಾರಣ ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. ಒಬ್ಬ ಸವಾರನನ್ನು ಸಮತಟ್ಟಾದ ರಸ್ತೆಯಲ್ಲಿ ಒಂದು ಕಿ.ಮೀ. ಕೊಂಡೊಯ್ಯಲು ಸುಮಾರು 12 ವ್ಯಾಟ್-ಗಂಟೆ ಶಕ್ತಿ ಬೇಕೆಂದಿಟ್ಟುಕೊಳ್ಳಿ. 22 ಕಿ.ಮೀ. ಹೋಗಬೇಕಾದರೆ ಸುಮಾರು 270 ವ್ಯಾಟ್-ಗಂಟೆ ಬೇಕು. ಸೀಸದ ಬ್ಯಾಟರಿ ಪ್ರತಿ ಕಿಲೋಗ್ರಾಮಿಗೆ 30ರಿಂದ 40 ವ್ಯಾಟ್-ಗಂಟೆ ಮಾತ್ರ ಹಿಡಿಯುತ್ತದೆ. ಅಂದರೆ ಬ್ಯಾಟರಿಯೊಂದೇ ಏಳರಿಂದ ಒಂಬತ್ತು ಕಿಲೋ! ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತುವ ಮಾತೆಲ್ಲಿ ಬಂತು? ಅದೇ ಶಕ್ತಿಯನ್ನು ಹಿಡಿಯಲು ಲಿಥಿಯಂ-ಅಯಾನ್ ಕೋಶಗಳು ಮೂವತ್ತು ಸಾಕು, ಅವುಗಳ ಒಟ್ಟು ತೂಕ ಒಂದೂವರೆ ಕಿಲೋಗಿಂತ ಹೆಚ್ಚಿಲ್ಲ. ಜೂಲ್ ಕಂಡ ಅಡ್ಡಿಯೇ ನೂರೈವತ್ತು ವರ್ಷಗಳ ನಂತರ ಇನ್ನೊಂದು ರೂಪದಲ್ಲಿ ಎದುರಾಗಿ, ಕೊನೆಗೆ ಹೀಗೆ ಬಗೆಹರಿಯಿತು.

ಆ ಕೋಶದ ಹಿಂದೆ ದೊಡ್ಡವರ ಶ್ರಮವಿದೆ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, 1980ರಲ್ಲಿ ಜಾನ್ ಗುಡಿನಫ್, 1985ರಲ್ಲಿ ಅಕಿರಾ ಯೋಶಿನೊ ಒಂದೊಂದು ಮೆಟ್ಟಿಲನ್ನು ಕಟ್ಟಿದರು. 1991ರಲ್ಲಿ ಸೋನಿ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಈ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಮೋಟಾರಿನ ಕಥೆಯೂ ಹೀಗೆಯೇ. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾತೊ ಸಗಾವಾ ಮತ್ತು, ಬೇರೆಯಾಗಿ, ಅಮೆರಿಕದ ಜಾನ್ ಕ್ರೋಟ್ ನಿಯೋಡಿಮಿಯಮ್ ಅಯಸ್ಕಾಂತವನ್ನು ಕಂಡುಹಿಡಿದರು. ಮುಷ್ಟಿಯಷ್ಟು ಗಾತ್ರದ ಮೋಟಾರಿಗೆ ಮನುಷ್ಯನನ್ನು ಎಳೆಯುವ ಬಲ ಬಂತು. ಈ ಅಯಸ್ಕಾಂತವನ್ನು ಮನೆಯ ಮೇಜಿಗೆ ತಂದವರು ಮಾತ್ರ ಹವ್ಯಾಸಿಗಳು. 2000ದ ದಶಕದ ಆರಂಭದಲ್ಲಿ ಆಟದ ವಿಮಾನ ಹಾರಿಸುವವರು ಕೆಟ್ಟ ಗಣಕಯಂತ್ರಗಳ ಸಿ.ಡಿ. ಚಾಲಕದಿಂದ ಮೋಟಾರು ಕಿತ್ತು, ಅದರ ತಂತಿಯನ್ನು ಬಿಚ್ಚಿ ಬೇರೆ ಲೆಕ್ಕದಲ್ಲಿ ಮತ್ತೆ ಸುತ್ತಿ, ಬಲವಾದ ಅಯಸ್ಕಾಂತಗಳನ್ನು ಅಂಟಿಸಿ ಹಾರಿಸಿದರು. ಎಷ್ಟು ಸುತ್ತು, ಎಷ್ಟು ದಪ್ಪದ ತಂತಿ ಎಂಬುದನ್ನು ಒಬ್ಬರಿಗೊಬ್ಬರು ಬರೆದು ತಿಳಿಸಿದರು. ಎಮಿಲಿ ಡೇವನ್‌ಪೋರ್ಟಳ ಕೆಲಸವೇ ಮತ್ತೆ ನಡೆಯಿತೆನ್ನಬಹುದು. ಆ ಆಟದ ವಿಮಾನದ ಮೋಟಾರುಗಳ ದೊಡ್ಡ ರೂಪವೇ ಹಲಗೆಯ ಅಡಿಗೆ ಬಂದು ಕುಳಿತಿತು.

ಉಳಿದದ್ದು ನಿಯಂತ್ರಕ. ವಿಮಾನದ ಪಂಖವನ್ನು ತಿರುಗಿಸುವ ನಿಯಂತ್ರಕಕ್ಕೆ ಮೆಲ್ಲಗೆ ಆರಂಭಿಸುವುದಾಗಲಿ ಹದವಾಗಿ ನಿಲ್ಲಿಸುವುದಾಗಲಿ ಅಷ್ಟು ಮುಖ್ಯವಲ್ಲ. ಹಲಗೆಗೆ ಅವೆರಡೇ ಮುಖ್ಯ. ಸ್ವೀಡನ್ನಿನ ಬೆಂಜಮಿನ್ ವೆಡರ್ ಎಂಬ ತರುಣ ಎಂಜಿನಿಯರು ಈ ಕೊರತೆಯನ್ನು ಕಂಡು ತಾನೇ ಒಂದು ನಿಯಂತ್ರಕವನ್ನು ರಚಿಸಿದ. ಅದರ ಮಂಡಲದ ನಕ್ಷೆ, ಅದರೊಳಗಿನ ಕ್ರಮವಿಧಿ ಎಲ್ಲವನ್ನೂ 2014-15ರ ಸುಮಾರಿಗೆ ಯಾರು ಬೇಕಾದರೂ ಬಳಸಿ ತಿದ್ದುವಂತೆ ಪ್ರಕಟಿಸಿಬಿಟ್ಟ. ಜಗತ್ತಿನ ನಾನಾ ಭಾಗಗಳಲ್ಲಿ ಮನೆಯಲ್ಲಿ ಹಲಗೆ ಕಟ್ಟುವವರಿಗೆ ಅದೇ ಆಧಾರವಾಯಿತು. ಇದಕ್ಕೆ ಸ್ವಲ್ಪ ಮುಂಚೆ, 2012ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ ಸಂಜಯ್ ದಸ್ತೂರ್, ಜಾನ್ ಉಲ್ಮೆನ್, ಮ್ಯಾಥ್ಯೂ ಟ್ರಾನ್ ಎಂಬ ಮೂವರು 'ಬೂಸ್ಟೆಡ್' ಎಂಬ ಹಲಗೆಗಾಗಿ ಸಾರ್ವಜನಿಕರಿಂದ ಮುಂಗಡ ಕೇಳಿದರು. ಒಂದು ಲಕ್ಷ ಡಾಲರು ಕೇಳಿದವರಿಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಬಂತು.

ಹಾಗಾದರೆ ಮನೆಯಲ್ಲಿ ಇದನ್ನು ಕಟ್ಟುವುದೆಂದರೇನು? ಬಿಡಿಭಾಗ ತಂದು ತಿರುಪು ಬಿಗಿಯುವುದಷ್ಟೇ ಅಲ್ಲ, ಮೊದಲು ಕಾಗದದ ಮೇಲೆ ಲೆಕ್ಕ ಮಾಡಬೇಕು. ಪ್ರತಿ ವೋಲ್ಟಿಗೆ ನಿಮಿಷಕ್ಕೆ 170 ಸುತ್ತು ತಿರುಗುವ ಮೋಟಾರಿಗೆ 36 ವೋಲ್ಟ್ ಕೊಟ್ಟರೆ ನಿಮಿಷಕ್ಕೆ 6,120 ಸುತ್ತು. ಮೋಟಾರಿನ ಪುಲ್ಲಿಗೆ 15 ಹಲ್ಲು, ಚಕ್ರದ ಪುಲ್ಲಿಗೆ 36 ಹಲ್ಲು ಇದ್ದರೆ ಚಕ್ರ ತಿರುಗುವುದು 2,550 ಸುತ್ತು. ಚಕ್ರದ ವ್ಯಾಸ 83 ಮಿ.ಮೀ. ಆದರೆ ಸುತ್ತಳತೆ ಸುಮಾರು 26 ಸೆಂ.ಮೀ. ಗುಣಿಸಿದರೆ ಗಂಟೆಗೆ ಹೆಚ್ಚುಕಡಿಮೆ 40 ಕಿ.ಮೀ. ಇದು ಭಾರವಿಲ್ಲದಾಗಿನ ವೇಗ. ಸವಾರ ನಿಂತ ಮೇಲೆ ಇಷ್ಟು ಬಾರದು. ಏರಿನ ಲೆಕ್ಕ ಬೇರೆ. ನೂರು ಮೀಟರಿಗೆ ಹತ್ತು ಮೀಟರು ಏರುವ ರಸ್ತೆಯಲ್ಲಿ, ಸವಾರನೂ ಹಲಗೆಯೂ ಸೇರಿ 90 ಕಿಲೋ ತೂಕವನ್ನು ಸೆಕೆಂಡಿಗೆ 5 ಮೀಟರು ವೇಗದಲ್ಲಿ ಹತ್ತಿಸಲು, ಘರ್ಷಣೆಯನ್ನು ಬಿಟ್ಟೇ, ಸುಮಾರು 440 ವ್ಯಾಟ್ ಬೇಕು. ಹತ್ತನೆಯ ತರಗತಿಯ ವಿಜ್ಞಾನ ಮತ್ತು ಗಣಿತ ಇಲ್ಲಿ ಒಟ್ಟಿಗೆ ಬಂದು ನಿಲ್ಲುತ್ತವೆ. ಎಡಗೈಯ ಮೂರು ಬೆರಳುಗಳನ್ನು ಚಾಚಿ ಫ್ಲೆಮಿಂಗನ ನಿಯಮವನ್ನು ಒಪ್ಪಿಸುವ ಹುಡುಗನಿಗೆ, ಆ ನಿಯಮ ತನ್ನನ್ನೇ ಹೊತ್ತು ಏರು ಹತ್ತುವುದನ್ನು ಕಂಡಾಗ ಆಗುವ ಬೋಧೆಯನ್ನು ಯಾವ ಉಪಾಧ್ಯಾಯನೂ ಕರಿಹಲಗೆಯ ಮೇಲೆ ಬರೆದು ಕೊಡಲಾರ.

ಕಟ್ಟುವುದಕ್ಕಿಂತ ಪರೀಕ್ಷಿಸುವುದು ಕಷ್ಟ. ಬಲ್ಲವರು ಹಂತಹಂತವಾಗಿ ನಡೆಯುತ್ತಾರೆ. ಮೊದಲು ಹಲಗೆಯನ್ನು ಮಗುಚಿಟ್ಟು, ಚಕ್ರಗಳು ಮೇಲಿರುವಂತೆ ಮಾಡಿ ತಿರುಗಿಸುವುದು. ಬೆಲ್ಟು ಜಾರುತ್ತದೆಯೇ, ಮೋಟಾರು ತಡವರಿಸುತ್ತದೆಯೇ ಎಂದು ಕಿವಿಗೊಟ್ಟು ಕೇಳುವುದು. ಅನಂತರ ಕೈನಿಯಂತ್ರಕವನ್ನು ಬೇಕೆಂದೇ ಆರಿಸಿ, ಸಂಕೇತ ತಪ್ಪಿದಾಗ ಮೋಟಾರು ಸುಮ್ಮನಾಗುತ್ತದೆಯೇ, ಇಲ್ಲ ಕೊನೆಯ ಆಜ್ಞೆಯನ್ನೇ ಹಿಡಿದು ಓಡುತ್ತದೆಯೇ ಎಂದು ನೋಡುವುದು. ಆಮೇಲೆ ಜನರಿಲ್ಲದ ಸಮತಟ್ಟು ನೆಲದಲ್ಲಿ, ಹೆಲ್ಮೆಟ್ಟು ಧರಿಸಿ, ನಡಿಗೆಯ ವೇಗದಲ್ಲಿ ಒಂದು ಸುತ್ತು. ಪ್ರತಿ ಸುತ್ತಿನ ನಂತರ ಮೋಟಾರನ್ನೂ ನಿಯಂತ್ರಕವನ್ನೂ ಮುಟ್ಟಿ ಬಿಸಿ ನೋಡುವುದು, ತಿರುಪುಗಳನ್ನು ಮತ್ತೆ ಬಿಗಿಯುವುದು. ಕೊನೆಗೆ ಬ್ರೇಕು. ಸೆಕೆಂಡಿಗೆ 2 ಮೀಟರಿನಂತೆ ವೇಗ ಕುಗ್ಗುವುದಾದರೆ, ಗಂಟೆಗೆ 12.5 ಕಿ.ಮೀ. ವೇಗದಲ್ಲಿರುವ ಹಲಗೆ ನಿಲ್ಲಲು 3 ಮೀಟರು ಸಾಕು, 25 ಕಿ.ಮೀ. ವೇಗಕ್ಕೆ 12 ಮೀಟರು ಬೇಕು. ವೇಗ ಇಮ್ಮಡಿಯಾದರೆ ದೂರ ನಾಲ್ಮಡಿ. ಸವಾರ ಅಪಾಯವನ್ನು ಕಂಡು ಬೆರಳಾಡಿಸುವಷ್ಟರಲ್ಲಿ ಸಾಗುವ ದೂರ ಇದಕ್ಕೆ ಹೊರತು.

ಇಲ್ಲೊಂದು ಗುಪ್ತವಾದ ಅಪಾಯವಿದೆ. ಬ್ರೇಕು ಹಾಕುವುದೆಂದರೆ ಬ್ಯಾಟರಿಯನ್ನು ತುಂಬುವುದೆಂದು ಹೇಳಿದೆನಷ್ಟೆ. ಬ್ಯಾಟರಿ ಆಗಲೇ ಪೂರ್ತಿ ತುಂಬಿದ್ದರೆ? ರಾತ್ರಿಯೆಲ್ಲ ತುಂಬಿಸಿ, ಬೆಳಗ್ಗೆ ಮನೆಯ ಮುಂದಿನ ಇಳಿಜಾರಿನಲ್ಲಿ ಇಳಿಯತೊಡಗಿದರೆ, ಹಿಂದಿರುಗಿ ಬರುವ ವಿದ್ಯುತ್ತಿಗೆ ಜಾಗವಿರುವುದಿಲ್ಲ. ಕೋಶವನ್ನು ಕಾಯುವ ಮಂಡಲ ತನ್ನ ಧರ್ಮದಂತೆ ಸಂಪರ್ಕವನ್ನು ಕಡಿಯಬಹುದು. ಆಗ ಇಳಿಜಾರಿನ ನಡುವೆ ಬ್ರೇಕೇ ಇಲ್ಲ. ಪ್ರತಿ ಭಾಗವೂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಆದರೂ ಸವಾರ ಬೀಳುತ್ತಾನೆ. ಬಿಡಿಬಿಡಿಯಾಗಿ ಎಷ್ಟು ಪರೀಕ್ಷಿಸಿದರೂ ಇಂತಹ ದೋಷ ಕಾಣುವುದಿಲ್ಲ, ಇಡಿಯಾಗಿ ಪರೀಕ್ಷಿಸಿದಾಗಲೇ ಕಾಣುವುದು. ಇದನ್ನು ಅರಿತವರು ಏರಿನ ಮನೆಯಿಂದ ಹೊರಡುವ ದಿನ ಬ್ಯಾಟರಿಯನ್ನು ಪೂರ್ತಿ ತುಂಬಿಸುವುದಿಲ್ಲ. ಯಾರೋ ಬಿದ್ದು, ಎದ್ದು, ಕಾರಣ ಹುಡುಕಿ, ಇತರರಿಗಾಗಿ ಬರೆದಿಟ್ಟುದರಿಂದಲೇ ಈ ವಿವೇಕ ಹಬ್ಬಿತು.

ಪರೀಕ್ಷೆಯನ್ನು ಬಿಟ್ಟು ವ್ಯಾಪಾರಕ್ಕಿಳಿದರೆ ಏನಾಗುತ್ತದೆಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. 2015ರಲ್ಲಿ 'ಹೋವರ್‌ಬೋರ್ಡ್' ಎಂಬ ಎರಡು ಚಕ್ರದ ವಿದ್ಯುತ್ ಹಲಗೆಗಳು ಅಮೆರಿಕದಲ್ಲಿ ಒಮ್ಮೆಲೇ ಜನಪ್ರಿಯವಾದವು. ಅಗ್ಗದ ಬ್ಯಾಟರಿಗಳು ಮನೆಗಳಲ್ಲಿ ಹೊತ್ತಿ ಉರಿದವು. 2016ರ ಜುಲೈಯಲ್ಲಿ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಐದು ಲಕ್ಷಕ್ಕೂ ಹೆಚ್ಚು ಹಲಗೆಗಳನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಬೇಕಾಯಿತು. ಲಿಥಿಯಂ ಕೋಶ ಸೀಸದ ಬ್ಯಾಟರಿಯಂತೆ ಸಹನಶೀಲವಲ್ಲ. ಮಿತಿಮೀರಿ ತುಂಬಿಸಿದರೆ, ಚುಚ್ಚಿದರೆ, ಎರಡು ಧ್ರುವಗಳು ತಾಗಿದರೆ ಬೆಂಕಿ. ಹಳೆಯ ಗಣಕಯಂತ್ರದ ಬ್ಯಾಟರಿ ಬಿಚ್ಚಿ ಕೋಶ ತೆಗೆಯುವ ಮಕ್ಕಳಿಗೆ ಈ ಮಾತನ್ನು ಮೊದಲು ಹೇಳಿ, ಜೋಡಣೆಯನ್ನು ಆಮೇಲೆ ಹೇಳಬೇಕು. ಹತ್ತಿರ ಬಲ್ಲ ಹಿರಿಯರೊಬ್ಬರು ನಿಂತಿರಬೇಕು.

ಹಾಗೆಂದು ನಿಷೇಧವೇ ಮದ್ದೇ? ಕ್ಯಾಲಿಫೋರ್ನಿಯದ ಕಾನೂನು ಇದಕ್ಕೂ ಪಾಠ ಹೇಳುತ್ತದೆ. ಸುಮಾರು ನಾಲ್ಕು ದಶಕಗಳ ಕಾಲ ಅಲ್ಲಿ ಯಂತ್ರದ ಹಲಗೆ ರಸ್ತೆಯಲ್ಲಿ ಓಡುವುದು ಅಪರಾಧವಾಗಿತ್ತು. ಅದೇ ಅವಧಿಯಲ್ಲಿ ಅದೇ ರಾಜ್ಯದಲ್ಲಿ ಅದು ಬೆಳೆಯಿತು. 2015ರಲ್ಲಿ ಶಾಸನಸಭೆ ಹಳೆಯ ನಿಷೇಧವನ್ನು ಸಡಿಲಿಸಿತು. 2016ರ ಜನವರಿಯಿಂದ ಹಲಗೆಯ ಉದ್ದಗಲ, ಮೋಟಾರಿನ ಬಲ, ವೇಗದ ಮಿತಿ ಇವನ್ನೆಲ್ಲ ಸೂಚಿಸಿ, ಸವಾರನಿಗೆ ಕನಿಷ್ಠ 16 ವರ್ಷ ತುಂಬಿರಬೇಕು, ತಲೆಗೆ ಹೆಲ್ಮೆಟ್ಟಿರಬೇಕು ಎಂಬ ನಿಯಮದೊಡನೆ ರಸ್ತೆಗೆ ಬಿಟ್ಟರು. 1977ರ ಕಾನೂನು 'ಯಂತ್ರ' ಎಂಬ ಹೆಸರನ್ನು ಕಂಡು ತಡೆಯಿತು. 2015ರ ಕಾನೂನು ಅಳತೆಯನ್ನು ಕಂಡು ಬಿಟ್ಟಿತು. ಅಪಾಯವನ್ನು ಅಳೆಯಲು ಕಲಿತ ಮೇಲೆಯೇ ಒಳ್ಳೆಯ ನಿಯಮ ಮಾಡಲು ಸಾಧ್ಯ. ದಾರಿಹೋಕರ ಸುರಕ್ಷತೆಯೂ ಮಕ್ಕಳ ಕುತೂಹಲವೂ ಎರಡೂ ನಮಗೆ ಬೇಕಾದರೆ ಇದಲ್ಲದೆ ಬೇರೆ ಮಾರ್ಗ ಕಾಣುವುದಿಲ್ಲ.

ಆ ಕುತೂಹಲ ಎಲ್ಲಿಗೆ ಕೊಂಡೊಯ್ಯಬಲ್ಲದೆಂಬುದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆಯಿದೆ. 1990ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ಸನ್‌ರನ್ನರ್' ಎಂಬ ಸೌರ ಕಾರನ್ನು ತಾವೇ ಕಟ್ಟಿ, ಅಲ್ಲಿನ ಸ್ಪರ್ಧೆಯಲ್ಲಿ ಗೆದ್ದು, ಆಸ್ಟ್ರೇಲಿಯದ ಓಟದಲ್ಲಿ ಮೂರನೆಯವರಾದರು. ಆ ತಂಡದಲ್ಲಿ ಬೆಂಗಳೂರಿನ ಚೇತನ್ ಮೈನಿ ಇದ್ದರು. 2001ರಲ್ಲಿ ಬೆಂಗಳೂರಿನಿಂದ 'ರೇವಾ' ಎಂಬ ವಿದ್ಯುತ್ ಕಾರು ಹೊರಬಂದಾಗ ಅದರ ಹಿಂದಿದ್ದವರು ಅವರೇ. ಆ ಕಾರು ಮೊದಲು ಓಡಿದ್ದು ಪ್ಲಾಂತೆಯ ಸೀಸದ ಬ್ಯಾಟರಿಯಿಂದಲೇ. ಲಂಡನ್ನಿನ ಬೀದಿಗಳಲ್ಲಿಯೂ ಅದು ಓಡಾಡಿತು. 2010ರಲ್ಲಿ ಆ ಸಂಸ್ಥೆಯನ್ನು ಮಹೀಂದ್ರ ಕೊಂಡುಕೊಂಡಿತು. ವಿದ್ಯಾರ್ಥಿಗಳು ಕೈಯಾರೆ ಕಟ್ಟಿದ ಒಂದು ಬಂಡಿಯಿಂದ ಇಷ್ಟೆಲ್ಲ ಬೆಳೆಯಿತು.

ಬೂಸ್ಟೆಡ್ ಸಂಸ್ಥೆ 2020ರಲ್ಲಿ ಬಾಗಿಲು ಹಾಕಿತು. ಅದರ ಹಲಗೆಗಳನ್ನು ಕೊಂಡವರಿಗೆ ರಿಪೇರಿ ಮಾಡಿಕೊಡುವವರು ಇಲ್ಲವಾದರು. ಆಗ ಅವರಲ್ಲಿ ಹಲವರು ತಿರುಪುಳಿ ಹಿಡಿದು ತಾವೇ ಹಲಗೆಯನ್ನು ಬಿಚ್ಚಿದರು. ಕೆಟ್ಟ ಬ್ಯಾಟರಿಯ ಬದಲು ಹೊಸ ಬ್ಯಾಟರಿ, ಬಾಯಿ ಮುಚ್ಚಿದ ನಿಯಂತ್ರಕದ ಬದಲು ವೆಡರನ ನಿಯಂತ್ರಕವನ್ನು ಜೋಡಿಸಿಕೊಂಡರು. ಕೋಟಿಗಟ್ಟಲೆ ಹಣ ಹೂಡಿದ ಸಂಸ್ಥೆ ಹೋಯಿತು, ಒಬ್ಬ ತರುಣ ಉಚಿತವಾಗಿ ಬರೆದಿಟ್ಟ ನಕ್ಷೆ ಉಳಿಯಿತು.

ಮೇಲೆ ಬರೆದಿಡುವ ಮಾತಿಗೆ ಮುಂದೆ ಬರುತ್ತೇನೆಂದಿದ್ದೆ. ಬೇರಿಂಗ್ ಗಾಡಿ ಮಾಡಿದ ನಮ್ಮ ಮಕ್ಕಳ ಕೈಚಳಕ ವರ್ಮಾಂಟಿನ ಕಮ್ಮಾರನದಕ್ಕಿಂತ ಕಡಿಮೆಯದೇನಲ್ಲ. ಕಡಿಮೆಯಾದದ್ದು ಎಮಿಲಿಯ ಪುಸ್ತಕ. ಯಾವ ಅಳತೆಯ ದೊಣ್ಣೆ ಮುರಿಯಲಿಲ್ಲ, ಯಾವ ಇಳಿಜಾರಿನಲ್ಲಿ ಗಾಡಿ ಮಗುಚಿತು, ಏನು ಬದಲಾಯಿಸಿದ ಮೇಲೆ ನಿಂತಿತು ಎಂಬುದು ಬರಹಕ್ಕೆ ಇಳಿಯದೆ, ಪ್ರತಿ ತಲೆಮಾರಿನ ಹುಡುಗರೂ ಮತ್ತೆ ಮೊದಲಿನಿಂದಲೇ ಮೊಣಕಾಲು ತರಚಿಕೊಳ್ಳಬೇಕಾಯಿತು. ಆದುದರಿಂದ ಈ ಬರಹ ಓದುವ ತಂದೆತಾಯಿಗಳಲ್ಲಿಯೂ ಉಪಾಧ್ಯಾಯ ಮಿತ್ರರಲ್ಲಿಯೂ ನನ್ನದೊಂದು ಕೋರಿಕೆ. ಮನೆಯ ಹುಡುಗನೋ ಹುಡುಗಿಯೋ ಹಲಗೆಗೆ ಮೋಟಾರು ಕಟ್ಟಲು ಹೊರಟರೆ ಗದರಿಸಬೇಡಿ. ಒಂದು ಹೆಲ್ಮೆಟ್ಟನ್ನೂ ನೂರು ಪುಟದ ಒಂದು ನೋಟುಪುಸ್ತಕವನ್ನೂ ತಂದುಕೊಡಿ. ಮೊದಲ ಪುಟದಲ್ಲಿ ದಿನಾಂಕ, ತೂಕ, ವೋಲ್ಟು, ನಿಲ್ಲಲು ಬೇಕಾದ ದೂರ ಎಂದು ನಾಲ್ಕು ಗೆರೆ ಎಳೆಯುವುದನ್ನು ಕಲಿಸಿ. ಉಳಿದ ಪುಟಗಳನ್ನು ಅವರು ತುಂಬಿಕೊಳ್ಳುತ್ತಾರೆ.